ನಾಲ್ಕನೇ ಸೆಟ್

ಕ್ರೀಡಾಂಗಣದ ಹಿಂಗೋಡೆಗೆ ಅಂಟಿಕೊಂಡು ಒಂದು ಗಲ್ಲಿ ಇದೆ. ಆ ಗಲ್ಲಿಯ ಮೂರನೇ ಅಂಗಡಿ ನಂಬರಕ್ಕನದು. ಎರಡು ಹೊಲಿಗೆ ಮಷೀನು, ಒಂದು ಕಟಿಂಗ್ ಟೇಬಲ್ಲು, ಟೇಬಲ್ಲಿನ ಕೆಳಗೆ ಮೊಣಕಾಲುದ್ದ ಚಿಂದಿ, ಗೋಡೆಗೊಂದು ಕನ್ನಡಿ. ಕನ್ನಡಿ ಹಾಕಿದ್ದು ಗಿರಾಕಿಗಳಿಗೆಂದು. ಅದರಲ್ಲಿ ಹೆಚ್ಚು ಮುಖ ನೋಡಿಕೊಂಡವನು ಮಾತ್ರ ಗಲ್ಲಿಗೆ ಹಾಲು ಹಾಕುವ ಹಾಲಣ್ಣ. ದೇಶದ ಫುಟ್‌ಬಾಲ್ ತಂಡದವರು ತೊಡುವ ನೇರಳೆ ಅಂಗಿಗಳನ್ನು ಹೊಲಿದು, ಅವುಗಳ ಬೆನ್ನಿಗೆ ಬಿಳಿ ಬಟ್ಟೆಯ ನಂಬರು ಕೂರಿಸುತ್ತಿದ್ದವಳು ಇವಳೇ. ಹಾಗಾಗಿ ನಂಬರಕ್ಕ. ಗಂಡ ಬಟ್ಟೆ ಕತ್ತರಿಸುತ್ತಿದ್ದ, ಇವಳು ಹೊಲಿಯುತ್ತಿದ್ದಳು, ಇಬ್ಬರಿಗೂ ಬೈಯುವ ಕೆಲಸ ಅತ್ತೆಯದು.

ಮೊದಲು ಅತ್ತೆಯ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಕತೆ ಹೆಜ್ಜೆ ಕಿತ್ತಿಡುವುದಿಲ್ಲ. ನಂಬರಕ್ಕ ಸೊಸೆಯಾಗಿ ಆ ಮನೆಗೆ ಬಂದ ವರ್ಷವೇ ನಮ್ಮ ತಂಡ ಮೊದಲ ಸಲ ಖಂಡದ ಕಪ್ಪಿಗೆ ಆಯ್ಕೆಯಾಗಿತ್ತು. ಖಂಡದ ಕಪ್ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಖಂಡದ ದೇಶಗಳೆಲ್ಲ ಒಂದೆಡೆ ಸೇರಿ ಆಡುವ ದೊಡ್ಡ ಪಂದ್ಯಾವಳಿ. ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೂ ಮೂರು ಆಟ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಆಟ ಮುಗಿದ ಮೇಲೆ ಎದುರಾಳಿಗಳ ಜೊತೆ ಅಂಗಿ ಬದಲಾಯಿಸಿಕೊಳ್ಳುವುದು ಆಟಗಾರರ ಪದ್ಧತಿ, ಆದ್ದರಿಂದ ಒಂದೊಂದು ಆಟಕ್ಕೂ ಒಂದೊಂದು ಸೆಟ್ ಅಂಗಿ ಬೇಕು. ಫುಟ್‌ಬಾಲ್ ಸಂಸ್ಥೆಯ ಸ್ಟೋರಿನವನು ಬಂದು, "ಮೂರು ಸೆಟ್ ಹೊಲೀರಿ" ಎಂದ.

"ನಾಲ್ಕನೇದು?" ಎಂದರು ಅತ್ತೆ.

"ನಾಲ್ಕನೇದು ಯಾಕಮ್ಮಾ, ನೆಲ ಒರೆಸೋಕಾ?"

ಅತ್ತೆಗೆ ಎಲ್ಲಿತ್ತೋ ಸಿಟ್ಟು. "ಮೂರೇ ಸೆಟ್ ಕೊಟ್ಟು ಕಳಿಸಿದ್ರೆ, ಮೂರಾಟ ಆಡ್ಕೊಂಡು ಮನೆಗೆ ಬಂದ್ಬಿಡಿ ಅಂತ ನಾವೇ ಹೇಳಿ ಕಳಿಸಿದ ಹಾಗಲ್ವೇನಯ್ಯಾ? ನೀನು ಕೇಳದಿದ್ರೆ ಬಿಡು. ನಾಲ್ಕನೇದು ನಾನು ಹೊಲಿದಿಡ್ತೀನಿ. ಗೆದ್ದ ದಿನ ಬಂದು ತಗೊಂಡು ಹೋಗು."

ಬಾಗಿಲ ಸಂದಿನಿಂದ ನೋಡುತ್ತಿದ್ದ ಹೊಸ ಸೊಸೆ ಕಿಸಕ್ಕನೆ ನಕ್ಕುಬಿಟ್ಟಳು. ನಕ್ಕ ತಪ್ಪಿಗೆ ನಾಲ್ಕನೇ ಸೆಟ್ಟಿನ ನಂಬರುಗಳನ್ನೆಲ್ಲ ಅತ್ತೆ ಅವಳಿಂದಲೇ ಹೊಲಿಸಿದರು. ಒಂದು, ಏಳು ಸುಲಭ, ನೆಟ್ಟಗೆ ಓಡಿಸಿದರೆ ಮುಗಿಯಿತು. ಎಂಟು ಮಾತ್ರ ಜೀವ ತಿನ್ನುತ್ತಿತ್ತು. ಅದರ ಎರಡು ಸುತ್ತೂ ಸುಕ್ಕಿಲ್ಲದೆ ಕೂರಬೇಕು, ಒಂದು ಕೂತರೆ ಇನ್ನೊಂದು ಏಳುತ್ತಿತ್ತು. ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ, ಕೊನೆಗೆ ಎಂಟು ಸರಿಯಾಗಿ ಕೂತ ದಿನ ಅತ್ತೆ ಬೆರಳಾಡಿಸಿ ನೋಡಿ, "ಹೂಂ. ಬಾ, ಊಟ ಮಾಡು" ಎಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ತಂಡ ಹೋಯಿತು, ಮೂರೂ ಆಟ ಸೋತಿತು, ಬಂದಿತು. ಸೋತಿತು ಎಂದರೆ ಸಾಲದು, ಉಜ್ಜಿಸಿಕೊಂಡು ಬಂದಿತು. ನಮ್ಮ ಹೆಸರಿಗೆ ಬಿದ್ದಿದ್ದ ಒಂದೇ ಒಂದು ಗೋಲನ್ನೂ ಎದುರಾಳಿ ತಂಡದವನೇ ಎಡವಿ ತನ್ನ ಬಲೆಗೆ ತಾನೇ ಹೊಡೆದುಕೊಂಡಿದ್ದ. ಹಾಗಿದ್ದೂ ಗಲ್ಲಿಯ ಹಿರಿಯರು "ಆವತ್ತು ನಾವು ಹೊಡೆದ ಗೋಲಿತ್ತಲ್ಲ..." ಎಂದು ಶುರುಮಾಡಿದರೆ ಮಧ್ಯದಲ್ಲಿ ಎದ್ದು ಹೋಗುವ ಧೈರ್ಯ ಯಾರಿಗೂ ಇಲ್ಲ. ಎರಡನೇ ಕಪ್ಪಿಗೆ ತಂಡ ಆಯ್ಕೆಯೇ ಆಗಲಿಲ್ಲ. ಆ ವರ್ಷವೆಲ್ಲ ಅತ್ತೆ ಯಾರ ಹತ್ತಿರವೂ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ಕಪ್ಪಿನಲ್ಲಿ ಒಂದು ಆಟ ಡ್ರಾ ಆಯಿತು. ಬರೀ ಡ್ರಾ, ಸ್ವಾಮಿ! ಅದಕ್ಕೇ ಮೂಲೆಯ ಬೇಕರಿಯವನು ಗಲ್ಲಿಗೆಲ್ಲ ಬನ್ನು ಹಂಚಿದ. ನಾಲ್ಕನೇ ಕಪ್ಪಿನಲ್ಲಿ ಇನ್ನೇನು ಮುಂದಿನ ಸುತ್ತಿಗೆ ಹೋದೆವು ಅನ್ನುವಾಗ, ಕೊನೇ ಗಳಿಗೆಯ ಪೆನಾಲ್ಟಿ ಮೇಲಿನ ಕಂಬಕ್ಕೆ ಬಡಿದು ವಾಪಸು ಬಂತು. ಅದನ್ನು ಹೊಡೆದವನು ಆಟ ಬಿಟ್ಟು ಸೈಕಲ್ ಅಂಗಡಿ ಇಟ್ಟ. ಗಾಳಿ ತುಂಬಿಸಲು ಹೋದವರು ಅವನ ಮುಂದೆ ಹವಾಮಾನದ ವಿಷಯ ಮಾತಾಡುತ್ತಾರೆಯೇ ಹೊರತು ಆಟದ ಸುದ್ದಿ ಎತ್ತುವುದಿಲ್ಲ. ನಮ್ಮ ಜನ ಕೆಟ್ಟವರಲ್ಲ.

ಹೀಗೆ ಪ್ರತಿ ಸಲವೂ ನಾಲ್ಕನೇ ಸೆಟ್ಟು ಟ್ರಂಕಿನಲ್ಲೇ ಉಳಿಯಿತು. ನುಸಿಗುಳಿಗೆಯ ವಾಸನೆ ಹಿಡಿದ ಅಂಗಿಗಳನ್ನು ಅತ್ತೆ ಒಂದಷ್ಟು ದಿನ ನೋಡಿ, ಆಮೇಲೆ ಗಲ್ಲಿಯವರಿಗೆ ಕೊಟ್ಟುಬಿಡುತ್ತಿದ್ದರು. ಹಾಲಣ್ಣ ಆರನೇ ನಂಬರು ತೊಟ್ಟು ಹಾಲು ಹಾಕುತ್ತಿದ್ದ. ಕ್ಷೌರದಂಗಡಿಯವನು ಮಲಗುವಾಗ ಒಂಬತ್ತನೇ ನಂಬರು ಹಾಕಿಕೊಳ್ಳುತ್ತಿದ್ದನೆಂದು ಅವನ ಹೆಂಡತಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಬೇಕರಿಯ ಬೆಕ್ಕು ಏಳನೇ ನಂಬರಿನ ಮೇಲೆ ಮರಿ ಹಾಕಿತ್ತು. ಗಲ್ಲಿಯಲ್ಲಿ ಅದೊಂದು ಮಾತೇ ಆಗಿಹೋಯಿತು. ಯಾರಾದರೂ ಲಾಟರಿ ಟಿಕೆಟ್ ಕೊಂಡು ಮನೆಗೆ ಯಾವ ಬಣ್ಣ ಹೊಡೆಸಲಿ ಎಂದು ಕೇಳಿದರೆ, "ಓಹೋ, ನಾಲ್ಕನೇ ಸೆಟ್ ಹೊಲಿಸ್ತಾ ಇದೀಯಾ?" ಎನ್ನುತ್ತಿದ್ದರು. ನಂಬರಕ್ಕ ಅದನ್ನು ಕೇಳಿಸಿಕೊಂಡು ನಗುತ್ತಲೇ ಇದ್ದಳು, ಆದರೆ ವರ್ಷ ಕಳೆದಂತೆ ನಗು ತೆಳ್ಳಗಾಗುತ್ತ ಬಂತು. ಆಟದಲ್ಲಿ ಯಾರೂ ತೊಡದ ಅಂಗಿಗೆ ಎಂಟನೇ ನಂಬರು ಕೂರಿಸುವಾಗ ಅವಳಿಗೆ ನಿಜಕ್ಕೂ ಬೇಜಾರಾಗುತ್ತಿತ್ತು.

ಐದನೇ ಕಪ್ಪು ನಮ್ಮ ಊರಿಗೇ ಬಂತು. ನಮ್ಮವರ ಆಟವೆಲ್ಲ ಗೋಡೆಯಾಚೆಗಿನ ಕ್ರೀಡಾಂಗಣದಲ್ಲಿ. ಅಷ್ಟರಲ್ಲಿ ಅತ್ತೆಗೆ ಕಣ್ಣು ಪೂರ್ತಿ ಹೋಗಿತ್ತು. ಮಷೀನಿನ ಪಕ್ಕದ ಮಂಚದಲ್ಲಿ ಕೂತು, ರೇಡಿಯೊ ಕೇಳುತ್ತ, ಬಟ್ಟೆ ಮುಟ್ಟಿ ನೋಡುತ್ತ, ಬೈಯುವುದನ್ನು ಮಾತ್ರ ಮೊದಲಿನಂತೆಯೇ ನಡೆಸಿಕೊಂಡು ಬರುತ್ತಿದ್ದರು. ಸ್ಟೋರಿನವನು ಈ ಸಲವೂ ಬಂದ, ಮೂರು ಸೆಟ್ ಎಂದ, ನೆಲ ಒರೆಸುವ ಹಳೇ ಜೋಕನ್ನೇ ಹೇಳಿ ತಾನೇ ನಕ್ಕ. ಅದೇ ಹೊತ್ತಿಗೆ ಶಾಲೆಗಳು ಶುರುವಾಗುವ ಕಾಲ, ಯೂನಿಫಾರಂ ರಾಶಿ ಕನ್ನಡಿಯ ಎತ್ತರಕ್ಕೆ ಬಂದಿತ್ತು. ನಂಬರಕ್ಕ ಮೂರು ಸೆಟ್ ಮುಗಿಸಿ, ನೇರಳೆ ದಾರ ತೆಗೆದಿಟ್ಟು, ಯೂನಿಫಾರಂ ಎತ್ತಿಕೊಂಡಳು.

"ನಾಲ್ಕನೇದು ಆಯ್ತೇನೇ?" ಎಂದು ಅತ್ತೆ ಕೇಳಿದರು.

"ಹೂಂ ಅತ್ತೆ, ಆಯ್ತು. ಟ್ರಂಕಲ್ಲಿಟ್ಟಿದೀನಿ."

ಗಂಡ ಕತ್ತರಿ ನಿಲ್ಲಿಸಿ ಅವಳ ಮುಖ ನೋಡಿದ. ಅವಳು ನೋಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದ್ದಳು, ಮುನಿಸಿಕೊಂಡಿದ್ದಳು, ಒಂದೆರಡು ಸಲ ಊಟ ಬಿಟ್ಟಿದ್ದಳು. ಸುಳ್ಳು ಹೇಳಿದ್ದು ಅದೇ ಮೊದಲು.

ಮೊದಲ ಆಟ ನಮ್ಮವರು ಸೋತರು, ಎರಡನೆಯದು ಡ್ರಾ. ಎರಡೂ ಸೆಟ್ ಅಂಗಿ ಪದ್ಧತಿಯಂತೆ ಎದುರಾಳಿಗಳ ಪಾಲಾಯಿತು. ಮೂರನೇ ಆಟದ ಅಂಗಿಯದು ಮಾತ್ರ ನಮ್ಮ ತಂಡದ್ದೇ ಒಂದು ರೂಢಿ. ಅದು ಹೇಗಿದ್ದರೂ ಮನೆಗೆ ಹೋಗುವ ಆಟ ತಾನೆ? ಆದ್ದರಿಂದ ಆ ಅಂಗಿಯನ್ನು ಎದುರಾಳಿಗೆ ಕೊಡದೆ, ಬಿಚ್ಚಿ, ಇಷ್ಟು ದಿನ ಕೂಗಿ ಗಂಟಲು ಹರಿದುಕೊಂಡ ನಮ್ಮ ಜನರತ್ತ ಎಸೆಯುತ್ತಿದ್ದರು. ತಪ್ಪಾಯ್ತು, ಮತ್ತೆ ಬನ್ನಿ ಎಂದು ಹೇಳಿದ ಹಾಗೆ. ಈ ಸಲ ಮೂರನೇ ಆಟ ನಮ್ಮವರು ಗೆದ್ದೇಬಿಟ್ಟರು. ಖಂಡದ ಕಪ್ಪಿನಲ್ಲಿ ಮೊಟ್ಟಮೊದಲ ಗೆಲುವು! ಆದರೆ ಮುಂದಿನ ಸುತ್ತು ಸಿಗಬೇಕಾದರೆ ಇನ್ನೊಂದು ಊರಿನಲ್ಲಿ ನಡೆಯುತ್ತಿದ್ದ ಇನ್ನೊಂದು ಆಟ ಡ್ರಾ ಆಗಬೇಕಿತ್ತು, ಅದು ಇನ್ನೂ ಮುಗಿದಿರಲಿಲ್ಲ. ನಮ್ಮವರಿಗೆ ಅಷ್ಟೆಲ್ಲ ಕಾಯುವ ಅಭ್ಯಾಸ ಎಲ್ಲಿ? ಗೆದ್ದ ಸಂತೋಷಕ್ಕೆ ಮೈಮರೆತು, ರೂಢಿಯಂತೆ ಅಂಗಿ ಬಿಚ್ಚಿ ಬೀಸಿ ಎಸೆದರು. ಜನ ಮುಗಿಬಿದ್ದು, ಒಂದೊಂದು ಅಂಗಿಯನ್ನು ಹತ್ತು ಜನ ಎಳೆದಾಡಿ, ಕಾಲರು ಒಬ್ಬನಿಗೆ, ತೋಳು ಇನ್ನೊಬ್ಬನಿಗೆ ಎಂದು ಹಂಚಿಕೊಂಡರು. ಗೋಲ್‌ಕೀಪರನ ಹಳದಿ ಅಂಗಿ ಮಾತ್ರ ಅಷ್ಟು ಕೆಸರಾಗಿತ್ತೆಂದರೆ, ಹಿಡಿದವನು ಅದನ್ನು ವಾಪಸು ಅವನ ಮುಖಕ್ಕೇ ಎಸೆದ.

ಬರಿಮೈಯಲ್ಲಿ ಒಳಗೆ ಹೋಗುತ್ತಿದ್ದವರಿಗೆ ಮೈಕಿನಲ್ಲಿ ಸುದ್ದಿ ಕೇಳಿಸಿತು: ಆ ಆಟ ಡ್ರಾ. ನಾವು ಮುಂದಿನ ಸುತ್ತಿಗೆ.

ಗೋಡೆಯಾಚೆಯ ಕೂಗಿಗೆ ಅಂಗಡಿಯ ಕನ್ನಡಿ ಅದುರಿತು. ಗಂಡ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬೀದಿಗೆ ಓಡಿ ಕಂಡಕಂಡವರನ್ನು ತಬ್ಬಿಕೊಂಡ. ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತು, ಕೈಯೆತ್ತಿ, "ತೆಗಿಯೇ!" ಎಂದರು. "ನಾಲ್ಕನೇ ಸೆಟ್ ತೆಗಿ! ಇಸ್ತ್ರಿಗೆ ಕೊಡು!"

"ಕೊಡ್ತೀನಿ ಅತ್ತೆ" ಎಂದು ಹೇಗೋ ಹೇಳಿ ನಂಬರಕ್ಕ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಇಷ್ಟು ವರ್ಷ ಬೇಡದಾಗ ಹೊಲಿದು, ಬೇಕಾದ ಒಂದೇ ಒಂದು ಸಲ ಕೈ ಎತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಸ್ಟೋರಿನವನು ಏದುಸಿರು ಬಿಡುತ್ತ ಬಂದ. ಜೊತೆಗೆ ತಂಡದ ಕ್ಯಾಪ್ಟನ್, ಕ್ಯಾಪ್ಟನ್ನನ ಕೈಯಲ್ಲೊಂದು ಗಂಟು. ಮುಂದಿನ ಆಟ ಅದರ ಮರುದಿನ ಮಧ್ಯಾಹ್ನ, ಎದುರಿಗೆ ಹಳೇ ಚಾಂಪಿಯನ್ನರು. ಆ ಕಪ್ಪನ್ನು ತಮ್ಮ ಮನೆಯ ಷೋಕೇಸಿನ ಸಾಮಾನೆಂದೇ ತಿಳಿದವರು. ನಮ್ಮವರಿಗೆ ಅಂಗಿಯಿಲ್ಲವೆಂದು ಕೇಳಿ, ತಾವು ಅಭ್ಯಾಸಕ್ಕೆ ಹಾಕುವ ಹಳೇ ಬೂದು ಅಂಗಿಗಳನ್ನು ಗಂಟು ಕಟ್ಟಿ ಕಳಿಸಿದ್ದರು. ವಾಪಸು ಕೊಡುವುದೂ ಬೇಡವಂತೆ. ಪಂದ್ಯಾವಳಿಯ ಅಧಿಕಾರಿಗಳ ಮಾತು ಒಂದೇ: ನೇರಳೆ ಅಂಗಿ ಇದ್ದರೆ ಸರಿ, ಇಲ್ಲದಿದ್ದರೆ ಇದನ್ನೇ ಹಾಕಿಕೊಂಡು ಆಡಬೇಕು.

"ಮೊದಲನೇ ಸಲ ಇಲ್ಲೀವರೆಗೆ ಬಂದಿದೀವಿ ಅಕ್ಕಾ," ಎಂದ ಕ್ಯಾಪ್ಟನ್. ಆರಡಿ ಆಳಿನ ದನಿ ಸಣ್ಣಗಾಗಿತ್ತು. "ಅವರು ಬಿಟ್ಟ ಬಟ್ಟೆ ಹಾಕ್ಕೊಂಡು ಅವರ ಮುಂದೇನೇ ಹೇಗೆ ನಿಲ್ಲೋದು?"

ಸ್ಟೋರಿನವನು ಮಾತ್ರ ನಿಶ್ಚಿಂತೆಯಾಗಿದ್ದ. "ಅದಕ್ಕೇ ಅಲ್ವಾ ಇಲ್ಲಿಗೆ ಕರ್ಕೊಂಡು ಬಂದಿದ್ದು? ಕೊಡಿ ಅಕ್ಕಾ, ನಾಲ್ಕನೇ ಸೆಟ್ ಕೊಡಿ."

ನೋಡಿ ಇವನ ಕತೆ! ಇಷ್ಟು ವರ್ಷ ಹಲ್ಲು ಕಿಸಿದವನೇ ಇವತ್ತು ಬ್ಯಾಂಕಿನಲ್ಲಿಟ್ಟದ್ದನ್ನು ಕೇಳುವ ಹಾಗೆ ಕೈ ನೀಡಿ ನಿಂತಿದ್ದ. ನಂಬರಕ್ಕ ಅವರಿಬ್ಬರನ್ನೂ ಅಂಗಡಿಯಿಂದ ಆಚೆಗೆ, ಅತ್ತೆಗೆ ಕೇಳಿಸದ ದೂರಕ್ಕೆ ಕರೆದುಕೊಂಡು ಹೋಗಿ, "ಹೊಲಿದಿಲ್ಲ" ಎಂದಳು. "ಈ ಸಲ ಹೊಲಿದಿಲ್ಲ."

ಕ್ಯಾಪ್ಟನ್ ಕೈಯಲ್ಲಿದ್ದ ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿದ. ಬೈದಿದ್ದರೇ ವಾಸಿಯಿತ್ತು. ಆಗ "ಏನಕ್ಕಾ, ಎಷ್ಟು ಹಾಕ್ಲಿ?" ಎಂದು ಕ್ಯಾನು ಆಡಿಸುತ್ತ ಹಾಲಣ್ಣ ಬಂದ. ನಂಬರಕ್ಕ ಅವನನ್ನು ನೋಡಿದಳು. ಅವನ ಹೊಟ್ಟೆಯ ಮೇಲೆ ಬಿಗಿದು ಕೂತಿದ್ದ ನೇರಳೆ ಅಂಗಿಯನ್ನು ನೋಡಿದಳು.

"ತಿರುಗೋ," ಎಂದಳು.

"ಯಾಕಕ್ಕಾ?"

"ತಿರುಗೋ ಅಂದೆ!" ಅವನು ತಿರುಗಿದ. ಬೆನ್ನ ಮೇಲೆ ಆರು, ಮಾಸಿದ್ದರೂ ಒಂದು ಹೊಲಿಗೆಯೂ ಕಿತ್ತಿರಲಿಲ್ಲ. "ಬಿಚ್ಚು!"

"ಅಯ್ಯಯ್ಯೋ, ನಡುಬೀದೀಲಿ..."

"ಬಿಚ್ಚಪ್ಪಾ ಮಹಾರಾಯ! ದೇಶ ನಿಂತಿದೆ ನಿನ್ನ ಅಂಗಿಗೋಸ್ಕರ!"

ಆಮೇಲಿನದ್ದನ್ನು ಏನು ಹೇಳಲಿ. ಸುದ್ದಿ ಗಲ್ಲಿಯ ಆ ತುದಿ ಮುಟ್ಟುವಷ್ಟರಲ್ಲಿ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಮನೆಗೆ ಓಡಿದ್ದ. ಬೆಕ್ಕಿಗೆ ಬೇರೆ ಹಾಸಿಗೆ ಸಿಕ್ಕಿತು. ದಿಂಬಿನ ಕವರಾಗಿದ್ದ ಎರಡನೇ ನಂಬರನ್ನು ಒಬ್ಬ ಅಜ್ಜಿ ಒಳಗಿನ ಹತ್ತಿ ಕೆಡವಿ ತಂದುಕೊಟ್ಟರು. ಎಂಟನೇದು ನಂಬರಕ್ಕನ ಮನೆಯಲ್ಲೇ ಇತ್ತು, ಎರಡನೇ ಮಷೀನಿಗೆ ಹೊದಿಸಿತ್ತು. ಎಲ್ಲ ಸಿಕ್ಕಿದರೂ ಹತ್ತನೇ ನಂಬರು, ಕ್ಯಾಪ್ಟನ್ನನದು, ಎಲ್ಲಿ ಹುಡುಕಿದರೂ ಇಲ್ಲ. ಸ್ಟೋರಿನವನು ಕೆಮ್ಮಿದ, ತಲೆ ಕೆರೆದುಕೊಂಡ, "ಈಗ ಬಂದೆ" ಎಂದು ಹೋದ. ವಾಪಸು ಬಂದಾಗ ಅವನ ಕಂಕುಳಲ್ಲಿ ಹತ್ತನೇ ನಂಬರಿತ್ತು.

"ಅಮ್ಮಾವ್ರನ್ನ ಕೇಳೇ ತಗೊಂಡಿದ್ದೆ," ಎಂದ. "ಮನೇಲಿ ಹಾಕ್ಕೊಳ್ಳೋಕೆ."

"ನೆಲ ಒರೆಸೋಕಲ್ವಾ?" ಎಂದ ನಂಬರಕ್ಕನ ಗಂಡ. ವರ್ಷಕ್ಕೆ ಒಂದೇ ಮಾತಾಡುವವನು, ಆಡಿದ್ದು ಮಾತ್ರ ನಾಟುವ ಹಾಗೆ ಆಡುತ್ತಿದ್ದ.

ಅದೇ ಬೆಳಿಗ್ಗೆ ನಂಬರಕ್ಕ ನೇರಳೆ ಬಟ್ಟೆ ಮಾಡುವ ಮಿಲ್ಲಿಗೂ ಹೋಗಿಬಂದಳು. ಬಣ್ಣ ಹಾಕಿ ಒಣಗಿಸಿ ಕೊಡುವುದು ಆಟದ ದಿನ ಬೆಳಿಗ್ಗೆಯೇ ಎಂದರು. ಅಷ್ಟು ಹೊತ್ತಿಗೆ ಸಿಕ್ಕರೆ ಕತ್ತರಿಸುವುದು ಯಾವಾಗ, ಹೊಲಿಯುವುದು ಯಾವಾಗ? ಆದರೂ ಅಳತೆ ಹೇಳಿ ಬಂದಳು. ಯಾಕೆಂದು ಗಂಡನಿಗೂ ಹೇಳಲಿಲ್ಲ.

ಅವತ್ತಿಡೀ ಮಷೀನು ನಿಲ್ಲಲಿಲ್ಲ. ಹಾಲಣ್ಣನ ಹೊಟ್ಟೆಗೆಂದು ಬಿಟ್ಟಿದ್ದ ಪಕ್ಕದ ಹೊಲಿಗೆ ಒಳಗೆ ಹಿಡಿದಳು, ಕಂಕುಳಿಗೆ ತೇಪೆ ಕೊಟ್ಟಳು, ಜೋಲುತ್ತಿದ್ದ ನಂಬರುಗಳನ್ನು ಬಿಗಿದಳು. ಮೂರು ಕಪ್ಪಿನ ಅಂಗಿಗಳು, ಒಂದೊಂದು ಒಂದೊಂದು ಮನೆಯ ಸೋಪು ಕಂಡವು. ಒಂದು ಗಾಢ ನೇರಳೆ, ಇನ್ನೊಂದು ತೊಳೆದು ತೊಳೆದು ಬೆಳ್ಳಗಾದದ್ದು. ಪರೀಕ್ಷಿಸಲು ಬಂದ ಅಧಿಕಾರಿ, "ಇವೆಲ್ಲ ಒಂದೇ ಬಣ್ಣಾನಾ?" ಎಂದು ಹುಬ್ಬೇರಿಸಿದ. "ಒಂದೇ ಮಿಲ್ಲಿಂದು ಸಾರ್," ಎಂದ ಕ್ಯಾಪ್ಟನ್. ಅಧಿಕಾರಿ ಇನ್ನೊಂದು ಸಲ ನೋಡಿ, ನಕ್ಕು, ತಲೆಯಾಡಿಸಿ ಹೋದ.

ಇಸ್ತ್ರಿಯಾದ ಮೇಲೆ ಅತ್ತೆ ಕೈ ಚಾಚಿದರು. ನಂಬರಕ್ಕ ಇದ್ದುದರಲ್ಲಿ ಗಟ್ಟಿಯಾದ ಅಂಗಿಯನ್ನು ಆರಿಸಿ ಕೊಟ್ಟಳು. ಅತ್ತೆಯ ಬೆರಳು ಕಾಲರಿನ ಮೇಲೆ, ತೋಳಿನ ಮೇಲೆ, ನಂಬರಿನ ಅಂಚಿನ ಮೇಲೆ ನಿಧಾನವಾಗಿ ಹೋಯಿತು.

"ಮೆತ್ತಗಿದೆ," ಎಂದರು ಅತ್ತೆ. ಅಷ್ಟೇ. ಅಂಗಿ ಮಡಿಸಿ ವಾಪಸು ಕೊಟ್ಟರು.

ಆಟದ ದಿನ ಕ್ಯಾಪ್ಟನ್ ನಂಬರಕ್ಕನನ್ನು ಬಿಡಲಿಲ್ಲ. ಹಳೇ ದಾರ, ಯಾವಾಗ ಕೈಕೊಡುತ್ತದೋ ಹೇಳಲಾಗದು, ನೀವು ಪಕ್ಕದಲ್ಲೇ ಇರಬೇಕು ಎಂದು ಹಠ ಹಿಡಿದ. ಗೋಡೆಯ ಪಕ್ಕದಲ್ಲೇ ಇಷ್ಟು ವರ್ಷ ಬದುಕಿದವಳು ಅವತ್ತು ಮೊದಲ ಸಲ ಗೋಡೆಯ ಆಚೆಗೆ ಹೋದಳು, ಸೂಜಿ ದಾರ ಸೆರಗಿಗೆ ಸಿಕ್ಕಿಸಿಕೊಂಡು, ಬದಲಿ ಆಟಗಾರರ ಬೆಂಚಿನ ತುದಿಯಲ್ಲಿ ಕೂತಳು. ನಮ್ಮವರು ಸಾಲಾಗಿ ಬಂದಾಗ ಚಾಂಪಿಯನ್ನರು ಆ ಹತ್ತು ಥರದ ನೇರಳೆ ನೋಡಿ ಮುಸಿಮುಸಿ ನಕ್ಕರು. ನಗಲಿ. ಗೋಡೆಗಳ ಮೇಲೆ, ಮೆಟ್ಟಿಲುಗಳ ಮೇಲೆ ಕೂತಿದ್ದ ಗಲ್ಲಿಯ ಜನ ಮಾತ್ರ ಆಟಗಾರರ ಹೆಸರು ಬಿಟ್ಟು, "ಹಾಲಣ್ಣಾ ಬಿಡಬೇಡ!", "ಬೇಕರಿ ಬೆಕ್ಕೇ, ಓಡು!" ಎಂದು ಕಿರುಚುತ್ತಿದ್ದರು.

ಅರ್ಧ ಆಟದವರೆಗೆ ಚೆಂಡು ನಮ್ಮ ಗೋಲಿನ ಮುಂದೆಯೇ ಬಿಡಾರ ಹೂಡಿತ್ತು. ಗೋಲ್‌ಕೀಪರ್ ಹಾರಿ, ಬಿದ್ದು, ಹೊರಳಿ, ಅಂಗಿಯನ್ನು ಮತ್ತೆ ಯಾರೂ ಮುಟ್ಟದ ಹಾಗೆ ಮಾಡಿಕೊಂಡ. ನಡುವೆ ಎರಡನೇ ನಂಬರಿನವನ ಅಂಗಿಯ ಭುಜ ಬಿರಿಯಿತು. ಅವನು ಗೆರೆಯ ಹತ್ತಿರ ಬಂದು ಕುಣಿಯುತ್ತ ನಿಂತ. "ಅಲ್ಲಾಡಬೇಡ, ಚುಚ್ಚುತ್ತೆ!" ಎಂದು ನಂಬರಕ್ಕ ಗದರಿ, ಹಲ್ಲಿನಲ್ಲಿ ದಾರ ಕಡಿದು ಓಡಿಸಿದಳು. ಆಮೇಲೆ, ಆಟ ಮುಗಿಯಲು ಇನ್ನು ಸ್ವಲ್ಪವೇ ಇರುವಾಗ, ಎಡಗಡೆಯಿಂದ ಒಂದು ಚೆಂಡು ಎತ್ತರಕ್ಕೆ ಬಂತು. ಎಂಟನೇ ನಂಬರಿನವನು ಎದ್ದ. ಅವನ ಜೊತೆಗೆ ಎದ್ದ ಎದುರಾಳಿ ಅವನ ಬೆನ್ನ ಬಟ್ಟೆ ಹಿಡಿದು ಜಗ್ಗಿದ. ಪರ್ ಎಂದಿತು.

"ಅಯ್ಯೋ ನನ್ನ ಎಂಟು!" ಎಂದು ನಂಬರಕ್ಕ ಚೀರಿದಳು.

ಅವಳು ಎಂಟನ್ನೇ ನೋಡುತ್ತಿದ್ದಳು, ಆದ್ದರಿಂದ ಗೋಲನ್ನು ನೋಡಲಿಲ್ಲ. ಸುತ್ತಲಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗಷ್ಟೇ ಚೆಂಡು ಬಲೆಯಲ್ಲಿದೆ ಎಂದು ಅವಳಿಗೆ ಗೊತ್ತಾಯಿತು. ಹೊಡೆದವನು ಕೈ ಚಾಚಿಕೊಂಡು ಓಡಿಬರುತ್ತಿದ್ದ, ಬೆನ್ನಿನ ಅಂಗಿ ಸೀಳಿ ಪಟಪಟ ಹಾರುತ್ತಿತ್ತು. ಎಂಟು ಮಾತ್ರ ಕಿತ್ತಿರಲಿಲ್ಲ. ಎರಡು ಸುತ್ತೂ ಹಾಗೇ ಕೂತಿದ್ದವು.

ಸೀಟಿ ಊದಿದಾಗ ಒಂದು ಸೊನ್ನೆ. ಚಾಂಪಿಯನ್ನರು ಮನೆಗೆ, ನಾವು ಸೆಮಿಫೈನಲ್ಲಿಗೆ! ಗಂಡಸರೆಲ್ಲ ಮಕ್ಕಳ ಹಾಗೆ ಅಳುತ್ತಿದ್ದರು, ನಂಬರಕ್ಕನೂ ಅತ್ತಳು, ಈ ಸಲ ನಲ್ಲಿಯ ಸದ್ದಿಲ್ಲದೆ, ಎಲ್ಲರಿಗೂ ಕಾಣುವಂತೆ. ಎದುರಾಳಿ ಕ್ಯಾಪ್ಟನ್ ಬಂದು ಪದ್ಧತಿಯಂತೆ ತನ್ನ ಅಂಗಿ ಬಿಚ್ಚಿ ಮುಂದೆ ಹಿಡಿದ. ನಮ್ಮ ಕ್ಯಾಪ್ಟನ್ ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದ.

"ತಪ್ಪು ತಿಳೀಬೇಡಿ," ಎಂದ. "ಇದು ಬೇರೆಯವರದು. ವಾಪಸ್ ಕೊಡಬೇಕು."

ಒಬ್ಬನೂ ಕೊಡಲಿಲ್ಲ, ಒಬ್ಬನೂ ಎಸೆಯಲಿಲ್ಲ. ತೊಟ್ಟ ಅಂಗಿಯಲ್ಲೇ, ಬೆವರು ಕೆಸರಿನಲ್ಲೇ, ಇಡೀ ತಂಡ ಗೋಡೆ ಸುತ್ತಿಕೊಂಡು ಗಲ್ಲಿಗೆ ನಡೆದು ಬಂತು. ಹಾಲಣ್ಣ ತನ್ನ ಆರನೇ ನಂಬರನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಇನ್ನು ಇದನ್ನು ತೊಟ್ಟು ಹಾಲು ಹಾಕಿದರೆ ನನ್ನನ್ನು ಕೇಳಿ ಎಂದ.

ನಂಬರಕ್ಕ ಎಂಟನೇ ಅಂಗಿ ತಂದು ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಮುಟ್ಟಿದರು, ಒದ್ದೆಯಾಗಿತ್ತು. ಮೂಗಿಗೆ ಹಿಡಿದರು. ಅವರ ನಾಲ್ಕನೇ ಸೆಟ್ಟಿಗೆ ಯಾವತ್ತೂ ನುಸಿಗುಳಿಗೆಯ ವಾಸನೆಯೇ. ಇದಕ್ಕೆ ಹುಲ್ಲು, ಕೆಸರು, ಗಂಡಾಳಿನ ಬೆವರು. ಅಂಗಿಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ ಬಹಳ ಹೊತ್ತು ಕೂತರು.

"ಅತ್ತೆ," ಎಂದಳು ನಂಬರಕ್ಕ. ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. "ನಾನು ನಾಲ್ಕನೇದು ಹೊಲಿದಿರಲಿಲ್ಲ. ನಿಮಗೆ ಸುಳ್ಳು ಹೇಳಿದೆ."

"ಗೊತ್ತು ಕಣೇ." ಅತ್ತೆ ಮುಖ ಎತ್ತಿದರು. "ಕಣ್ಣು ಹೋಗಿದೆ, ಕಿವಿ ಹೋಗಿದ್ಯಾ? ಯೂನಿಫಾರಂ ಬಟ್ಟೆ ದಪ್ಪ, ಮಷೀನು ಗುರ್ ಅನ್ನುತ್ತೆ. ಇದು ತೆಳು, ಸರ್ ಅಂತ ಓಡುತ್ತೆ. ಮೂರು ಸೆಟ್ ಸರ್ ಅಂತು, ಆಮೇಲೆ ಬರೀ ಗುರ್. ನೀನಾಗೇ ಹೇಳ್ತೀಯಾ ಅಂತ ಕಾದೆ." ಹಳೇ ಗಡಸು ದನಿಯಲ್ಲಿ ಕೇಳಿದರು: "ಅದು ಹೋಗ್ಲಿ. ಐದನೇದಕ್ಕೆ ಏನ್ಮಾಡ್ತೀಯಾ?"

ನಂಬರಕ್ಕ ಎದ್ದು, ಕಟಿಂಗ್ ಟೇಬಲ್ಲಿನ ಕೆಳಗಿನಿಂದ ಒಂದು ಥಾನು ಎಳೆದಳು. ಆಟ ಶುರುವಾಗುವ ಮೊದಲೇ, ಬೆಳಿಗ್ಗೆಯೇ ಮಿಲ್ಲಿನಿಂದ ಹೊತ್ತು ತಂದಿಟ್ಟಿದ್ದ ಹೊಸ ನೇರಳೆ ಬಟ್ಟೆ. ಅದರ ತುದಿಯನ್ನು ಬಿಡಿಸಿ ಅತ್ತೆಯ ಕೈಗಿಟ್ಟಳು.

"ತಂದಿದೀನಿ ಅತ್ತೆ. ಮುಟ್ಟಿ ನೋಡಿ. ಆರನೇದಕ್ಕೂ ಆಗುವಷ್ಟಿದೆ."

ಅತ್ತೆ ಬೆರಳ ತುದಿಯಲ್ಲಿ ಬಟ್ಟೆಯನ್ನು ಉಜ್ಜಿ ನೋಡಿದರು.

"ಹೂಂ," ಎಂದರು. "ಬಾ, ಊಟ ಮಾಡು."